ಹೇಳಿದ್ದು ಹದಿನೆಂಟು ನಿಮಿಷ, ಬರೆದುಕೊಂಡದ್ದು ಎರಡು ಪದ

ಮಾನ್ಯ ಪ್ರವೇಶಾತಿ ನಿರ್ದೇಶಕರೇ,

ನನ್ನ ಮಗಳು ಏನು ಓದಬೇಕು ಎಂಬುದನ್ನು ತಮ್ಮ ಕಚೇರಿ ನಾಲ್ಕು ನಿಮಿಷದಲ್ಲಿ ತೀರ್ಮಾನಿಸಿತು. ಆ ತೀರ್ಮಾನದ ದೆಸೆಯಿಂದ ಅವಳು ಓದನ್ನೇ ಬಿಟ್ಟು ಮನೆಗೆ ಬಂದು ಏಳು ತಿಂಗಳಾಯಿತು. ಈ ಏಳು ತಿಂಗಳಲ್ಲಿ ತಮಗೆ ಐದು ಅರ್ಜಿ ಬರೆದೆ. ಐದಕ್ಕೂ ಒಂದೇ ಉತ್ತರ: ‘ತಮ್ಮ ಮನವಿಯನ್ನು ಪರೀಶೀಲಿಸಲಾಗಿದೆ.’ ಐದರಲ್ಲೂ ಪರಿಶೀಲನೆಯ ‘ರಿ’ಗೆ ದೀರ್ಘ ಎಳೆದಿದ್ದಾರೆ. ನಿಜವಾಗಿ ಯಾರಾದರೂ ಪರಿಶೀಲಿಸಿದ್ದರೆ ಕೊನೇಪಕ್ಷ ಅದನ್ನಾದರೂ ತಿದ್ದುತ್ತಿದ್ದರಲ್ಲವೇ? ಆದ್ದರಿಂದ ಆರನೆಯದನ್ನು ನಾಲ್ಕು ಜನ ಓದುವ ಜಾಗದಲ್ಲಿ ಬರೆಯುತ್ತಿದ್ದೇನೆ.

ನಾನು ಲಿಫ್ಟ್ ಮೆಕ್ಯಾನಿಕ್. ನನ್ನ ಹೆಂಡತಿ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಇಸ್ತ್ರಿ ಯಂತ್ರ ನಡೆಸುತ್ತಾಳೆ. ನಮಗೆ ಒಬ್ಬಳೇ ಮಗಳು. ಅವಳಿಗೆ ಚಿಕ್ಕಂದಿನಿಂದಲೂ ಮಾತು ಉಗ್ಗುತ್ತದೆ. ಉಗ್ಗುವುದಕ್ಕೂ ಬುದ್ಧಿಗೂ ಸಂಬಂಧವಿಲ್ಲ ಎಂದು ತಮ್ಮಂಥ ಓದಿದವರಿಗೆ ನಾನು ಹೇಳಿಕೊಡಬೇಕಾಗಿರಲಿಲ್ಲ. ತಮ್ಮ ಕಚೇರಿಯನ್ನು ನೋಡಿದ ಮೇಲೆ ಹೇಳಿಬಿಡುವುದೇ ಕ್ಷೇಮ ಅನ್ನಿಸುತ್ತಿದೆ. ಕೆಲವು ಅಕ್ಷರಗಳು ಅವಳ ಗಂಟಲಲ್ಲೇ ಹಿಡಿದುಕೊಳ್ಳುತ್ತವೆ. ಎಲ್ಲಕ್ಕಿಂತ ಕಷ್ಟ ಅವಳದೇ ಹೆಸರು. ಬೇರೆ ಪದವಾದರೆ ಅದರ ಬದಲು ಇನ್ನೊಂದನ್ನು ಹುಡುಕಿಕೊಳ್ಳಬಹುದು. ಹೆಸರಿಗೆ ಬದಲು ಎಲ್ಲಿಂದ ತರುವುದು?

ಅವಳು ಹತ್ತನೇ ತರಗತಿಯಲ್ಲಿದ್ದಾಗ ಅವಳಮ್ಮನ ಎಡಗೈ ಇಸ್ತ್ರಿ ಯಂತ್ರದ ರೋಲರಿಗೆ ಸಿಕ್ಕಿ ಸುಟ್ಟಿತು. ಗಾಯ ಒಣಗುವ ಮೊದಲೇ ಆಡಳಿತದವರು ‘ಕೆಲಸಗಾರ್ತಿಯ ನಿರ್ಲಕ್ಷ್ಯ’ ಎಂದು ನೋಟಿಸ್ ಕೊಟ್ಟರು, ಕೆಲಸದಿಂದ ತೆಗೆಯುತ್ತೇವೆ ಎಂದರು. ನಾನೂ ನನ್ನ ಹೆಂಡತಿಯೂ ಕೈಚೆಲ್ಲಿ ಕೂತೆವು. ಮಗಳು ಮಾತ್ರ ಲಾಂಡ್ರಿಯ ಗೋಡೆಗೆ ಅಂಟಿಸಿದ್ದ ಸುರಕ್ಷತಾ ಸೂಚನೆಗಳ ಫೋಟೋ ತರಿಸಿಕೊಂಡು, ಹಬೆಯಲ್ಲಿ ಅರ್ಧ ಅಳಿಸಿಹೋಗಿದ್ದ ಅಕ್ಷರಗಳನ್ನು ಒಂದೊಂದಾಗಿ ಓದಿದಳು. ಒಂಬತ್ತನೇ ಸಾಲಿನಲ್ಲಿ ‘ಈ ಯಂತ್ರವನ್ನು ಇಬ್ಬರಿಗಿಂತ ಕಡಿಮೆ ಜನ ನಡೆಸಕೂಡದು’ ಎಂದಿತ್ತು. ಆ ದಿನ ಅಮ್ಮನನ್ನು ಒಬ್ಬಳನ್ನೇ ನಿಲ್ಲಿಸಿದ್ದರು. ಮೂರು ಪುಟದ ಉತ್ತರ ಬರೆದಳು. ವಿಚಾರಣೆಯ ದಿನ ತಾನೇ ಓದುತ್ತೇನೆಂದು ಹಟ ಹಿಡಿದಳು. ವಿಚಾರಣಾಧಿಕಾರಿ ವಯಸ್ಸಾದ ಹೆಂಗಸು. ಪೆನ್ನು ಕೆಳಗಿಟ್ಟು ಕೈಕಟ್ಟಿ ಕೂತರು. ಮೂರು ಪುಟಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಮುಗಿದ ಮೇಲೆ ಅವರು ಹೇಳಿದ್ದು ಇಷ್ಟೇ: “ಆ ಒಂಬತ್ತನೇ ಸಾಲು ಇನ್ನೊಂದ್ಸಲ ಓದಮ್ಮ.”

ನನ್ನ ಹೆಂಡತಿಯ ಕೆಲಸ ಉಳಿಯಿತು. ಮಗಳಿಗೆ ಅಂದಿನಿಂದ ಮನೆಯಲ್ಲಿ ‘ವಕೀಲಮ್ಮ’ ಎಂದೇ ಹೆಸರಾಯಿತು. ಅವಳು ಏನು ಓದಬೇಕು ಎಂಬ ಪ್ರಶ್ನೆ ನಮ್ಮ ಮನೆಯಲ್ಲಿ ಆಮೇಲೆ ಯಾವತ್ತೂ ಏಳಲಿಲ್ಲ. ಆ ಪ್ರಶ್ನೆಯನ್ನು ಎಬ್ಬಿಸಲು ತಮ್ಮ ಕಚೇರಿಯೇ ಬೇಕಾಯಿತು.

ತಮ್ಮ ಕಟ್ಟಡದ ಮೂರನೇ ಮಹಡಿ, ಏಳನೇ ಟೇಬಲ್. ಮೇಲೆ ‘ಆಯ್ಕೆ ಮಾರ್ಗದರ್ಶನ’ ಎಂಬ ಫಲಕ. ಲಿಫ್ಟ್ ಕೆಟ್ಟಿತ್ತು, ಮೆಟ್ಟಿಲು ಹತ್ತಿಕೊಂಡೇ ಹೋದೆವು. ಮಾರ್ಗದರ್ಶಕರು ತಲೆಯೆತ್ತದೆ “ಹೆಸರು?” ಎಂದರು. ಮಗಳು ಬಾಯಿ ತೆರೆದಳು. ಅವರ ಪೆನ್ನು ಟೇಬಲಿನ ಮೇಲೆ ಟಕಟಕ ಅನ್ನತೊಡಗಿತು. ನಾನು ತಡೆಯಲಾರದೆ ಹೆಸರು ಹೇಳಿಬಿಟ್ಟೆ.

“ಏನ್ ಓದ್ಬೇಕು ಅಂತಿದೀಯಮ್ಮ?”

“ಕಾ... ಕಾ...”

“ಕಾಮರ್ಸಾ?”

ಅವಳು ಅಲ್ಲವೆಂದು ಜೋರಾಗಿ ತಲೆಯಾಡಿಸಿದಳು. “ಕಾನೂನು ಸಾರ್,” ಎಂದೆ ನಾನು.

ಆಗ ಅವರು ತಲೆಯೆತ್ತಿದರು. ಅವಳನ್ನಲ್ಲ, ನನ್ನನ್ನು ನೋಡಿದರು. “ತಪ್ಪು ತಿಳ್ಕೋಬೇಡಿ ಸ್ವಾಮಿ. ವಕೀಲಿಕೆ ಅಂದ್ರೆ ಮಾತಿನ ಕೆಲಸ. ಅಲ್ಲಿ ಹೋಗಿ ಈ ಮಗು ನಾಲ್ಕು ಜನರ ಮುಂದೆ ನಗೆಪಾಟಲಾಗೋದು ಬೇಕಾ? ‘ಕಚೇರಿ ನಿರ್ವಹಣೆ’ ಅಂತ ಹೊಸ ಕೋರ್ಸಿದೆ, ಸೀಟು ಖಾಲಿ ಇದೆ. ಕಂಪ್ಯೂಟರ್ ಮುಂದೆ ಕೂತ್ರೆ ಆಯ್ತು, ಬಾಯಿ ಬಿಡೋ ಪ್ರಮೇಯವೇ ಇಲ್ಲ. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ.”

ಕಾನೂನಿಗೆ ಬೇಕಾದ ಅಂಕಕ್ಕಿಂತ ಅವಳಿಗೆ ಇಪ್ಪತ್ತಮೂರು ಅಂಕ ಹೆಚ್ಚೇ ಇತ್ತು. ಅಂಕಪಟ್ಟಿ ಅವರ ಕೈಯಲ್ಲೇ ಇತ್ತು. ಮಗಳು ಟೇಬಲಿನ ಕೆಳಗೆ ನನ್ನ ಅಂಗಿಯ ತೋಳು ಹಿಡಿದು ಎಳೆದಳು. ಹಿಂದೆ ಸಾಲು ಉದ್ದವಿತ್ತು. ಓದಿದವರು, ಅನುಭವಸ್ಥರು, ಇವರಿಗೆ ಗೊತ್ತಿಲ್ಲದ್ದು ನನಗೇನು ಗೊತ್ತು ಅನ್ನಿಸಿತು. “ನೀವು ಹೇಳಿದ ಹಾಗೇ ಆಗ್ಲಿ ಸಾರ್,” ಎಂದು ‘ಪಾಲಕರ ಒಪ್ಪಿಗೆ’ ಎಂದಿದ್ದಲ್ಲಿ ಸಹಿ ಹಾಕಿದೆ. ವಿದ್ಯಾರ್ಥಿಯ ಸಹಿಗೆ ಆ ಹಾಳೆಯಲ್ಲಿ ಜಾಗವೇ ಇರಲಿಲ್ಲ ನಿರ್ದೇಶಕರೇ. ಯಾವತ್ತಾದರೂ ಆ ಹಾಳೆಯನ್ನು ತರಿಸಿ ನೋಡಿದ್ದೀರಾ?

ಇಳಿಯುವಾಗ ಎರಡನೇ ಮಹಡಿಯ ತಿರುವಿನಲ್ಲಿ ಅವಳು ನಿಂತಳು. ಬಹಳ ಹೊತ್ತು ಹಿಡಿಯಿತು, ಆದರೂ ಹೇಳಿದಳು: “ಅಪ್ಪ, ನನ್ನ ಕೇಳ್ಲೇ ಇಲ್ಲ.” ಯಾರು ಕೇಳಲಿಲ್ಲ ಎಂದು ಅವಳು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಬಾಯಿ ಬಿಡುವ ಪ್ರಮೇಯವೇ ಇಲ್ಲದ ಆ ಕೋರ್ಸಿನ ಮೊದಲ ವರ್ಷದ ಪಠ್ಯ ಇಲ್ಲಿ ನನ್ನ ಮುಂದಿದೆ. ಗುಂಪು ಚರ್ಚೆ, ಅಣಕು ಸಂದರ್ಶನ, ಸೆಮಿನಾರ್ ಮಂಡನೆ, ದೂರವಾಣಿ ಶಿಷ್ಟಾಚಾರ. ಎಲ್ಲಕ್ಕೂ ಅಂಕ, ಯಾವುದಕ್ಕೂ ವಿನಾಯಿತಿಯಿಲ್ಲ. ಮಾತು ಬರುವುದಿಲ್ಲ ಎಂದು ಒಂದು ಬಾಗಿಲು ಮುಚ್ಚಿ, ದಿನವಿಡೀ ಮಾತಾಡಿಸುವ ಕೋಣೆಗೆ ತಳ್ಳುವುದಕ್ಕೆ ತಮ್ಮಲ್ಲಿ ಮಾರ್ಗದರ್ಶನ ಎನ್ನುತ್ತಾರೆ. ಆ ಮಾರ್ಗದರ್ಶಕರು ತಾವು ಹಂಚುವ ಕೋರ್ಸಿನ ಪಠ್ಯವನ್ನು ಒಮ್ಮೆಯಾದರೂ ಓದಿದ್ದರೆ?

ಕಾಲೇಜು ನಮ್ಮೂರಿನಿಂದ ಬಸ್ಸಿನಲ್ಲಿ ಐದು ಗಂಟೆಯ ದಾರಿ. ಹಾಸ್ಟೆಲಿನಲ್ಲಿ ಬಿಟ್ಟು ಬಂದೆವು. ಅಲ್ಲಿ ನಡೆದದ್ದು ನಮಗೆ ತಿಳಿದದ್ದು ಆಮೇಲೆ, ಅವಳ ಕೋಣೆಯಲ್ಲಿದ್ದ ರಸಾಯನಶಾಸ್ತ್ರದ ಹುಡುಗಿಯಿಂದ. ಊಟದ ಸಾಲಿನಲ್ಲಿ ಏನು ಬೇಕೆಂದು ಹೇಳಬೇಕಾಗುತ್ತದೆಂದು ಮಗಳು ಮೊದಲ ಪಾತ್ರೆಯಲ್ಲಿ ಏನಿದೆಯೋ ಅದನ್ನೇ ಹಾಕಿಸಿಕೊಂಡು ಬರುತ್ತಿದ್ದಳಂತೆ. ತರಗತಿಯಲ್ಲಿ ಹಾಜರಿ ಕೂಗುವಾಗ ‘ಹಾಜರ್’ ಎನ್ನುವ ಹೊತ್ತಿಗೆ ಉಪನ್ಯಾಸಕರು ಮುಂದಿನ ಹೆಸರಿಗೆ ಹೋಗಿರುತ್ತಿದ್ದರಂತೆ. ಕೈಯೆತ್ತಿದರೆ “ಬಾಯಿಲ್ವಾ?” ಎಂದರಂತೆ. ಹೀಗೆ ಮೊದಲ ಬೆಂಚಿನಲ್ಲಿ ಕೂತೇ ನನ್ನ ಮಗಳು ಎರಡು ತಿಂಗಳು ಗೈರುಹಾಜರಾದಳು.

ಅವಳೇನು ಸುಮ್ಮನೆ ಅಳುತ್ತಾ ಕೂರಲಿಲ್ಲ. ಒಂದು ನೋಟ್ ಪುಸ್ತಕದಲ್ಲಿ ತಾರೀಖು, ಪೀರಿಯಡ್ಡು, ಆ ದಿನ ಬೋರ್ಡಿನ ಮೇಲೆ ಬರೆದ ಮೊದಲ ಸಾಲು, ಪಕ್ಕದಲ್ಲಿ ಕೂತವರ ಸಹಿ, ಎಲ್ಲ ದಾಖಲಿಸಿದಳು. ನಲವತ್ತೇಳು ತರಗತಿಗಳ ಸಾಕ್ಷ್ಯ. ಅದನ್ನು ಪ್ರಾಂಶುಪಾಲರ ಮುಂದಿಟ್ಟಾಗ ಅವರು ಪುಟವನ್ನೂ ತಿರುಗಿಸದೆ ಹೇಳಿದರಂತೆ: “ನಮ್ಗೆ ರಿಜಿಸ್ಟರೇ ದಾಖಲೆ.” ವಕೀಲಿಕೆಗೆ ಲಾಯಕ್ಕಿಲ್ಲ ಎಂದು ತಾವು ತಳ್ಳಿಹಾಕಿದ ಹುಡುಗಿ ಇವಳೇ.

ನನಗೆ ಬಂದದ್ದು ಕಾಲೇಜಿನ ನೋಟಿಸ್ ಮಾತ್ರ: ‘ತಮ್ಮ ಮಗಳು ತರಗತಿಗಳಿಗೆ ಸತತವಾಗಿ ಗೈರುಹಾಜರಾಗುತ್ತಿದ್ದಾಳೆ.’ ನಾನು ಆಗ ಒಂದು ಕಟ್ಟಡದ ಮೇಲೆ ಲಿಫ್ಟಿನ ಮೋಟಾರು ಬಿಚ್ಚಿಕೊಂಡು ಕೂತಿದ್ದೆ. ಕೈಯ ಗ್ರೀಸನ್ನೂ ಒರೆಸಿಕೊಳ್ಳದೆ ಫೋನ್ ಹಚ್ಚಿದೆ. “ಎಲ್ಲಿ ತಿರುಗ್ತಿದೀಯ? ಓದೋಕೆ ಕಳ್ಸಿದ್ದೋ, ಊರು ಸುತ್ತೋಕೋ? ಬಾಯಿ ಬಿಟ್ಟು ಹೇಳು!” ಎಂದು ಕೂಗಾಡಿದೆ. ಆ ಕಡೆಯಿಂದ ಉಸಿರಿನ ಸದ್ದು ಮಾತ್ರ ಬಂತು. ಹದಿನೆಂಟು ವರ್ಷ ಸಾಕಿದ ಮಗಳ ಆ ಉಸಿರು ಏನೆಂದು ನನಗೆ ತಿಳಿಯಬೇಕಿತ್ತು. ತಪ್ಪಿತಸ್ಥರ ಮೌನ ಅಂದುಕೊಂಡು ಫೋನ್ ಕುಕ್ಕಿದೆ. ಈ ಪಾಲನ್ನು ತಮ್ಮ ಕಚೇರಿಯ ತಲೆಗೆ ಕಟ್ಟುವುದಿಲ್ಲ. ಇದು ನನ್ನದು.

ಆಮೇಲಿನ ವಾರ ದೂರವಾಣಿ ಶಿಷ್ಟಾಚಾರದ ಪರೀಕ್ಷೆ. ಟೇಬಲಿನ ಮೇಲೆ ತಂತಿಯಿಲ್ಲದ ಹಳೇ ಫೋನು. ಅದನ್ನೆತ್ತಿ ನಮಸ್ಕಾರ ಹೇಳಿ, ಕಚೇರಿಯ ಹೆಸರು, ತನ್ನ ಹೆಸರು ಹೇಳಬೇಕು. ಹತ್ತು ಸೆಕೆಂಡು ಕಾಲಾವಕಾಶ. ತನ್ನ ಹೆಸರು! ಎಂಥ ಪರೀಕ್ಷೆ ನೋಡಿ. ಅವಳು ರಿಸೀವರ್ ಹಿಡಿದು ನಿಂತಳು. ಸಮಯ ಮುಗಿಯಿತೆಂದು ಗಂಟೆ ಒತ್ತಿದರೂ ಇಡಲಿಲ್ಲ, ಹೇಳಿಯೇ ತೀರುತ್ತೇನೆಂದು ನಿಂತಳು. ಹಿಂದಿನ ಬೆಂಚಿನಿಂದ ಯಾರೋ “ಹಲೋ, ಲೈನ್ ಸಿಗ್ತಿಲ್ಲ!” ಎಂದರು. ತರಗತಿಯೇ ನಕ್ಕಿತು, ಉಪನ್ಯಾಸಕರೂ ನಕ್ಕರು. ಇನ್ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದು, ಅವಳ ಉಗ್ಗಿಗೆ ತಾಳ ಸೇರಿಸಿ ಕಾಲೇಜಿಗೆಲ್ಲ ಹಂಚಿದರು. ಸಂಜೆಯೊಳಗೆ ಊಟ ಬಡಿಸುವವರೂ ಅದನ್ನು ನೋಡಿದ್ದರು.

ನಾಲ್ಕು ದಿನ ಬಿಟ್ಟು ಕೋಣೆಯ ಹುಡುಗಿ ನನ್ನ ಹೆಂಡತಿಗೆ ಫೋನ್ ಮಾಡಿದಳು. “ಆಂಟಿ, ಅವಳು ಮಾತಾಡ್ತಿಲ್ಲ. ಬರೆದೂ ಹೇಳ್ತಿಲ್ಲ. ನಂಗೆ ಭಯ ಆಗ್ತಿದೆ, ದಯವಿಟ್ಟು ಬನ್ನಿ.”

ಹೋದೆವು. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅವಳಮ್ಮ ಪಕ್ಕದಲ್ಲಿ ಕೂತು ಬೆನ್ನ ಮೇಲೆ ಕೈಯಿಟ್ಟಳು, ಏನೂ ಕೇಳಲಿಲ್ಲ. ಲಿಫ್ಟಿನಲ್ಲಿ ಯಾರಾದರೂ ಸಿಕ್ಕಿಕೊಂಡರೆ ನಾವು ಮೊದಲು ಹೊರಗಿನಿಂದ ಕೂಗಿ, ಒಳಗಿನವರು ಓಗೊಡುವವರೆಗೆ ಕಾಯುತ್ತೇವೆ. ಆ ದಿನ ನಾನು ಬಾಗಿಲ ಬಳಿ ನಿಂತು “ಮಗಳೇ” ಎಂದು ಕರೆದೆ. ಎಷ್ಟು ಕಾದರೂ ಓಗೊಡಲಿಲ್ಲ. ಪೆಟ್ಟಿಗೆ ಕಟ್ಟಿ ಕರೆದುಕೊಂಡು ಬಂದೆವು.

ಇನ್ನು ತಮ್ಮ ಕಚೇರಿಯ ಎರಡನೇ ಪಾತ್ರ. ಸೀಟು ಬಿಡಬೇಕಾದರೆ ತಮ್ಮದೊಂದು ನಿಯಮವಿದೆ: ‘ವಿದ್ಯಾರ್ಥಿಯು ಖುದ್ದಾಗಿ ಹಾಜರಾಗಿ, ಪಾಲಕರ ನೆರವಿಲ್ಲದೆ, ಕಾರಣವನ್ನು ಮೌಖಿಕವಾಗಿ ತಿಳಿಸತಕ್ಕದ್ದು.’ ಹೆಣ್ಣುಮಕ್ಕಳನ್ನು ಮನೆಯವರು ಬಲವಂತವಾಗಿ ಬಿಡಿಸಬಾರದೆಂದು ಮಾಡಿದ ನಿಯಮವಂತೆ. ಒಳ್ಳೆಯ ನಿಯಮವೇ, ಒಪ್ಪುತ್ತೇನೆ. ಸೇರುವಾಗ ಅವಳ ಮಾತು ಬೇಡವಾಗಿತ್ತು, ಬಿಡುವಾಗ ಅವಳ ಮಾತಲ್ಲದೆ ಬೇರೇನೂ ನಡೆಯುವುದಿಲ್ಲ!

ತಮ್ಮ ಕಚೇರಿಯಲ್ಲಿ ಅವಳೊಬ್ಬಳೇ ಒಳಗೆ ಹೋದಳು, ನಾನು ಗಾಜಿನ ಆಚೆ ನಿಂತಿದ್ದೆ. ಅವಳು ಬರೆದುಕೊಂಡು ಬಂದಿದ್ದ ಕಾಗದವನ್ನು ಗುಮಾಸ್ತರ ಮುಂದಿಟ್ಟಳು. ಅವರು ಹಿಂದಕ್ಕೆ ಸರಿಸಿದರು. “ಲೆಟರ್ ಬೇಡಮ್ಮ, ಬಾಯಲ್ಲಿ ಹೇಳ್ಬೇಕು.”

ಮೂರು ವಾರದಿಂದ ನಮ್ಮೊಡನೆಯೂ ಮಾತಾಡದ ಹುಡುಗಿ ಅಲ್ಲಿ ಬಾಯಿ ತೆರೆದಳು. ಮಾತು ಗಾಜಿನ ಸಣ್ಣ ತೂತಿನಿಂದ ಅಷ್ಟಷ್ಟೇ ಕೇಳುತ್ತಿತ್ತು. ಅವಳ ಕತ್ತಿನ ನರಗಳು ಮಾತ್ರ ಚೆನ್ನಾಗಿ ಕಾಣುತ್ತಿದ್ದವು. ಕಾನೂನು ಓದಬೇಕೆಂದಿದ್ದು, ಅಂಕ ಇದ್ದೂ ಕೊಡದೇ ಹೋದದ್ದು, ಹಾಜರಿಯ ಕಥೆ, ಫೋನಿನ ಕಥೆ, ಉಪನ್ಯಾಸಕರು ನಕ್ಕಿದ್ದು, ಒಂದನ್ನೂ ಬಿಡಲಿಲ್ಲ. ಹಿಂದಿನ ಸಾಲಿನಲ್ಲಿದ್ದವರೊಬ್ಬರು “ಒಂದೇ ಮಾತಲ್ಲಿ ಹೇಳಿ ಮುಗ್ಸಮ್ಮ, ನಮ್ಗೂ ಕೆಲ್ಸ ಇದೆ,” ಎಂದರು. ಅವಳು ತಿರುಗಿಯೂ ನೋಡಲಿಲ್ಲ. ಗೋಡೆಯ ಗಡಿಯಾರದ ಪ್ರಕಾರ ಹದಿನೆಂಟು ನಿಮಿಷ. ಮುಗಿದಾಗ ಅವಳ ಅಂಗಿಯ ಬೆನ್ನು ಪೂರ್ತಿ ಒದ್ದೆಯಾಗಿತ್ತು.

ಗುಮಾಸ್ತರು ಕಂಪ್ಯೂಟರಿನಲ್ಲಿ ಏನೋ ಒತ್ತಿ ಚೀಟಿ ಕೊಟ್ಟರು. ಅವಳು ಅಲ್ಲೇ ನಿಂತು ಓದಿದಳು. ಕಾರಣ: ‘ವೈಯಕ್ತಿಕ ಕಾರಣ.’

“ನಾ... ನಾನು ಹೇಳಿದ್ದು ಇದಲ್ಲ.”

“ಕಂಪ್ಯೂಟರಲ್ಲಿ ಇರೋದೇ ನಾಲ್ಕಮ್ಮ. ಅನಾರೋಗ್ಯ, ಮದುವೆ, ಸ್ಥಳಾಂತರ, ವೈಯಕ್ತಿಕ. ಬೇರೆ ಯಾವ್ದಾದ್ರೂ ಬೇಕಾದ್ರೆ ಹೇಳು, ಮಾಡ್ಕೊಡ್ತೀನಿ.”

ಆ ಗುಮಾಸ್ತರನ್ನು ನಾನು ದೂರುವುದಿಲ್ಲ. ಅವರ ಮುಂದೆ ನಾಲ್ಕೇ ಗುಂಡಿಗಳಿದ್ದವು. ಐದನೆಯದನ್ನು ಇಡದವರು ತಾವು. ತಮ್ಮ ಲೆಕ್ಕದಲ್ಲಿ ಈ ದೇಶದ ಮಕ್ಕಳು ಕಾಯಿಲೆ ಬಿದ್ದೋ ಮದುವೆಯಾಗಿಯೋ ಓದು ಬಿಡುತ್ತಾರೆಯೇ ಹೊರತು ಕಾಲೇಜಿನ ತಪ್ಪಿನಿಂದ, ತಮ್ಮ ಕಚೇರಿಯ ತಪ್ಪಿನಿಂದ ಯಾರೂ ಬಿಡುವುದಿಲ್ಲ. ವರ್ಷದ ಕೊನೆಯ ವರದಿಯಲ್ಲಿ ತಾವು ಹೆಮ್ಮೆಯಿಂದ ಬರೆಯುತ್ತೀರಿ, ಆಯ್ಕೆ ಮಾರ್ಗದರ್ಶನದ ವಿರುದ್ಧ ಒಂದೂ ದೂರಿಲ್ಲ ಎಂದು. ದೂರಿಗೆ ಗುಂಡಿಯೇ ಇಲ್ಲದ ಮೇಲೆ ದೂರು ಎಲ್ಲಿಂದ ಬಂದೀತು? ಮೇಲಾಗಿ, ವೈಯಕ್ತಿಕ ಕಾರಣದಿಂದ ಬಿಟ್ಟವರು ಮೂರು ವರ್ಷ ಬೇರಾವ ಕೋರ್ಸಿಗೂ ಅರ್ಜಿ ಹಾಕುವಂತಿಲ್ಲವಂತೆ, ಸೀಟು ಹಾಳುಮಾಡಿದ ತಪ್ಪಿಗೆ.

ಈಗ ಅವಳು ಅಮ್ಮನ ಜೊತೆ ಲಾಂಡ್ರಿಗೆ ಹೋಗಿ ಹೊದಿಕೆ ಮಡಚುತ್ತಾಳೆ. ಅಲ್ಲಿ ಯಂತ್ರಗಳ ಗದ್ದಲಕ್ಕೆ ಯಾರ ಮಾತೂ ಯಾರಿಗೂ ಕೇಳುವುದಿಲ್ಲ, ಎಲ್ಲರದ್ದೂ ಕೈಸನ್ನೆ. “ಅಲ್ಲಿ ಎಲ್ರೂ ನನ್ ಥರಾನೇ,” ಎಂದು ಒಮ್ಮೆ ಅವಳಮ್ಮನಿಗೆ ಬರೆದು ತೋರಿಸಿದಳಂತೆ. ವಕೀಲಮ್ಮ ಎಂದು ನಾವೀಗ ಕರೆಯುವುದಿಲ್ಲ. ಕರೆಯಬೇಡಿ ಎಂದು ಅವಳು ಹೇಳಲಿಲ್ಲ. ನಮಗೇ ನಾಲಗೆ ಏಳುವುದಿಲ್ಲ.

ಈ ಪತ್ರವನ್ನು ಅವಳಿಗೆ ತೋರಿಸದೆ ಅಚ್ಚಿಗೆ ಕಳಿಸುವುದು ಸರಿಯಲ್ಲ ಅನ್ನಿಸಿ ಮೊನ್ನೆ ಕೈಗೆ ಕೊಟ್ಟೆ. ಎರಡು ದಿನ ಇಟ್ಟುಕೊಂಡಳು. ನಾನು ಮೂರು ಕಡೆ ‘ಪಾಪ, ನನ್ನ ಮಗಳು’ ಎಂದು ಬರೆದಿದ್ದೆ. ಮೂರೂ ಕಡೆ ‘ಪಾಪ’ವನ್ನು ಪೆನ್ಸಿಲಿನಿಂದ ಹೊಡೆದುಹಾಕಿದ್ದಳು. ಉಳಿದದ್ದನ್ನು ಮುಟ್ಟಿರಲಿಲ್ಲ. ಅದನ್ನೇ ಒಪ್ಪಿಗೆಯೆಂದು ತಿಳಿದಿದ್ದೇನೆ.

ನಿರ್ದೇಶಕರೇ, ನನಗೆ ಪರಿಹಾರ ಬೇಡ, ಸಹಾನುಭೂತಿಯೂ ಬೇಡ. ಅವಳ ಕಡತದಲ್ಲಿರುವ ‘ವೈಯಕ್ತಿಕ ಕಾರಣ’ವನ್ನು ಹೊಡೆದುಹಾಕಿ, ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯಿರಿ. ಮೂರು ವರ್ಷದ ಶಿಕ್ಷೆಯನ್ನು ತೆಗೆಯಿರಿ. ಹಾಜರಿಗೆ ಎತ್ತಿದ ಕೈ ಸಾಕೆಂದು ಒಂದು ಸಾಲಿನ ಆದೇಶ ಹೊರಡಿಸಿರಿ. ಅದಕ್ಕೆ ಸಮಿತಿ ಬೇಕಾಗಲಾರದು. ಅವಳು ಇನ್ನೊಮ್ಮೆ ತಮ್ಮ ಕಚೇರಿಯ ಮೆಟ್ಟಿಲು ಹತ್ತುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಹತ್ತಿದರೆ ಈ ಸಲ ಏಳನೇ ಟೇಬಲಿಗಲ್ಲ, ತಮ್ಮ ಕೋಣೆಗೇ ಬರಬೇಕು. ಅವಳೆದುರು ತಾವು ಕೂತುಕೊಳ್ಳಬೇಕು. ಏನು ಓದಬೇಕೆಂದಿದ್ದೀಯಮ್ಮ ಎಂದು ಕೇಳಬೇಕು. ಕೇಳಿದ ಮೇಲೆ ಸುಮ್ಮನಿರಬೇಕು.

ಇಂತಿ,
ಕೇಳುವ ಸರದಿ ತನ್ನದಾಗಿದ್ದಾಗ ಮಾತಾಡಿ, ಮಾತಾಡುವ ಸರದಿ ಬಂದಾಗ ಸಹಿ ಹಾಕಿದ,
ಮಾತು ಸರಾಗವಾಗಿ ಬರುವ ಒಬ್ಬ ತಂದೆ