ಆರು ಅಣ್ಣತಮ್ಮಂದಿರ ಕಥೆಗೆ ಮತ್ತೆ ಸೇರಿಸಿದ ಜಗಳ

ಪ್ರೀತಿಯ ರಫೀಕಣ್ಣ,

ನೀನು ಕಣ್ಣುಮುಚ್ಚಿದ ಮೇಲೆ ನನ್ನ ಕಥೆಗಳಿಗೆ ಹೂಂಗುಟ್ಟುವವರೇ ಇಲ್ಲ. ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಬುತ್ತಿ ಬಿಚ್ಚಿದ ಕೂಡಲೇ ನೀನು "ಶುರು ಮಾಡೋ ಸಿದ್ದ" ಅನ್ನುತ್ತಿದ್ದೆ. ಕೇಳುವವರು ಮಾತುಮಾತಿಗೂ ಹೂಂ ಅನ್ನಬೇಕು, ಅನ್ನದಿದ್ದರೆ ಕಥೆ ಅಲ್ಲಿಗೇ ನಿಲ್ಲಬೇಕು. ನಮ್ಮೂರಿನ ಈ ಪದ್ಧತಿ ನಿನಗೆ ಕಲಿಸಿದ್ದು ನಾನೇ. ಅದನ್ನು ನನ್ನ ಮೇಲೆ ತಿರುಗಿಸಿದವನು ನೀನು.

ನೆನಪಿದೆಯಾ? ನೀನು ಸೌದಿಯಿಂದ ವಾಪಸ್ ಬಂದು ಕಂಪನಿ ಟೆಂಪೋ ಓಡಿಸುತ್ತಿದ್ದ ಹೊಸತರಲ್ಲಿ ಸೀಮೆಸುಣ್ಣದಿಂದ ನೆಲದ ಮೇಲೆ ಆರು ಮನೆ ಬರೆದೆ. ಸೌದಿ, ಕುವೈತ್, ಬಹರೇನ್, ಕತಾರ್, ಎಮಿರೇಟ್ಸ್, ಒಮಾನ್. "ಇವು ಆರೂ ಒಂದಾಗ್ತವೆ ಕಣೋ. ಒಂದೇ ಸುಂಕ, ಒಂದೇ ನೋಟು, ಒಂದೇ ರೈಲು. ಗಡಿ ಬರೀ ಹೆಸರಿಗೆ." ನಾನು ಅದನ್ನೇ ಒಂದೇ ಒಲೆ ಹೂಡಲು ಹೊರಟ ಆರು ಅಣ್ಣತಮ್ಮಂದಿರ ಕಥೆ ಮಾಡಿದೆ. ಕಥೆ ಅಂದಮೇಲೆ ಜಗಳ ಬೇಡವೇ? ಒಬ್ಬ ತಮ್ಮನಿಗೆ ಬಾಗಿಲು ಹಾಕಿಸಿದೆ. ನೀನು ಹೂಂ ಅನ್ನಲೇ ಇಲ್ಲ. ತುತ್ತು ಕೈಯಲ್ಲೇ ಹಿಡಿದು, "ಜಗಳ ತೆಗಿ, ಇಲ್ಲಾಂದ್ರೆ ಕೇಳಲ್ಲ" ಅಂದೆ. ನಾನು ತೆಗೆದೆ. ಮುಂದೆ ಒಮಾನ್, ಎಮಿರೇಟ್ಸ್ ಎರಡೂ ಒಂದೇ ನೋಟು ಒಲ್ಲೆ ಅಂದಾಗಲೂ, "ಮದುವೆ ಮನೇಲಿ ಇಬ್ಬರು ಮುನಿಸ್ಕೊಳ್ಳಲ್ವಾ?" ಅಂತ ನೀನು ನಕ್ಕೆ.

ನಿನ್ನ ಮಗಳು ಶಾಹೀನಾಳ ನಿಕಾಹ್ ಮಾತಾಡಿದ ದಿನ ನಾನೂ ಇದ್ದೆ. ಅವಳು ಕತಾರಿನ ದೋಹಾದಲ್ಲಿ ನರ್ಸ್, ಹುಡುಗ ಇಮ್ರಾನ್ ಸೌದಿಯ ದಮ್ಮಾಮಿನಲ್ಲಿ ಹಾಲಿನ ಲಾರಿ ಡ್ರೈವರ್. "ಯಾರಾದ್ರೂ ಒಬ್ಬರು ಕೆಲಸ ಬಿಡಲಿ" ಅಂದೆ. ನೀನೆಲ್ಲಿ ಕೇಳುತ್ತೀಯ? "ಬೆಳಗ್ಗೆ ಹಾಲು ತುಂಬ್ಕೊಂಡು ಹೊರಟ್ರೆ ಮಧ್ಯಾಹ್ನ ಹೆಂಡ್ತಿ ಕೈ ಊಟ. ನಾನೇ ಓಡ್ಸಿರೋ ರಸ್ತೆ ಅದು!" ಮಕ್ಕಳು ನಂಬಿದರು. ನೀನಿರುವವರೆಗೂ ಹಾಗೇ ನಡೆಯಿತು.

ನೀನು ಹೋದ ಮರುವರ್ಷದ ರಂಜಾನಿನಲ್ಲಿ... ಹೇಗೆ ಬರೆಯಲಿ? ಸೌದಿ, ಎಮಿರೇಟ್ಸ್, ಬಹರೇನ್ ಸೇರಿಕೊಂಡು ಕತಾರಿಗೆ ಬಾಗಿಲು ಹಾಕಿದವು. ಕುವೈತ್, ಒಮಾನ್ ಜಗಲಿಯಲ್ಲಿ ಕೂತು ಎರಡೂ ಕಡೆ ನೋಡಿದವು. ಇಮ್ರಾನನ ಲಾರಿ ಗಡಿಯಿಂದ ಹಿಂದಕ್ಕೆ ಬಂತು. ಸೌದಿಯಲ್ಲಿ ಮೇಯುತ್ತಿದ್ದ ಕತಾರಿನ ಒಂಟೆಗಳನ್ನೂ ಹೊರಡಿಸಿದರಂತೆ. "ಒಂಟೆಗೂ ಯಾವ ದೇಶ ಅಂತ ಕೇಳ್ತಾವ್ರೆ ಮಾಮ" ಅಂದ ಫೋನಿನಲ್ಲಿ. ಆಗ ಶಾಹೀನಾ ತುಂಬು ಬಸುರಿ. ಹಬ್ಬದ ಹೊತ್ತಿಗೆ ಸರಿಹೋಗುತ್ತೆ ಅಂದುಕೊಂಡೆವು. ಹಬ್ಬ ಮುಗಿಯಿತು, ಮಗಳು ಹುಟ್ಟಿದಳು, ಅಪ್ಪ ಅವಳ ಮುಖವನ್ನು ಫೋನಿನಲ್ಲಿ ನೋಡಿದ.

ಕಳೆದ ತಿಂಗಳು ಇಬ್ಬರೂ ರಜೆ ಹಾಕಿ ರಾಜಗೋಪಾಲನಗರದ ನಿನ್ನ ಮನೆಗೆ ಬಂದರು. ಅರ್ಧ ದಿನದ ದಾರಿಯಲ್ಲಿರುವ ಗಂಡಹೆಂಡತಿ ಸಮುದ್ರ ದಾಟಿ ಬಂದು ಇಲ್ಲಿ ಮುಖ ನೋಡಬೇಕಾ, ಹೇಳು! ಅಪ್ಪ ಎತ್ತಿಕೊಳ್ಳಲು ಹೋದರೆ ಮಗು ಕಿರುಚಿ ಅಮ್ಮನ ಕತ್ತು ತಬ್ಬಿತು. "ಹೊಸಬ ಅಲ್ವಾ ನಾನು" ಅಂತ ಇಮ್ರಾನ್ ನಗಲು ನೋಡಿದ. ಆಗಲಿಲ್ಲ.

"ಸೌದಿಗೆ ವಾಪಸ್ ಹೋಗ್ಬೇಡಿ" ಅಂದಳು ಶಾಹೀನಾ.

"ಇರೋ ಕೆಲಸ ಬಿಟ್ಟು? ನಿಮ್ಮ ಅಬ್ಬಾ ಹೇಳಿರ್ಲಿಲ್ವಾ, ಗಡಿ ಇರಲ್ಲ ಅಂತ..."

"ಅಬ್ಬಾ ಹೇಳಿದ್ದು ದೊಡ್ಡೋರ ಮನೆ ವಿಷಯ. ಅವರು ಒಂದಾಗೋವರೆಗೂ ಇವಳು ನಿಮ್ಮನ್ನ ನೋಡಿ ಅಳ್ತಾನೇ ಇರಬೇಕಾ?" ನನ್ನ ಕಡೆ ತಿರುಗಿದಳು. "ನೀವೇ ಹೇಳಿ ಮಾಮ."

ನಿನ್ನ ಖಾಲಿ ಕುರ್ಚಿ ನೋಡಿದೆ. ನೀನಿದ್ದಿದ್ದರೆ ಏನನ್ನುತ್ತಿದ್ದೆಯೋ... ಹೋಗಬೇಡಿ ಅಂದ ಶಾಹೀನಾಳ ಮಾತಿಗೆ ನಾನು ಹೂಂ ಅಂದೆ.

ಇವತ್ತು ಬೆಳಗ್ಗೆ ಇಮ್ರಾನ್ ವಿಸಿಟ್ ವೀಸಾದಲ್ಲಿ ಹೆಂಡತಿ ಮಗುವಿನ ಜೊತೆ ದೋಹಾಕ್ಕೆ ಹೋದ. ವೀಸಾ ಮುಗಿಯುವುದರೊಳಗೆ ಅಲ್ಲಿ ಕೆಲಸ ಸಿಗುತ್ತದೋ ಇಲ್ಲವೋ, ನನಗಂತೂ ಹೆದರಿಕೆ. ಟ್ಯಾಕ್ಸಿ ಹತ್ತುವಾಗ ಮಗು ಅವನ ಅಂಗಿಯ ಗುಂಡಿ ಹಿಡಿದು ನಿದ್ದೆಹೋಗಿತ್ತು.

ಅವರು ಹೊರಡುವ ಮುಂಚೆ ನಿನ್ನ ಮೊಮ್ಮಗಳಿಗೆ ಆರು ಅಣ್ಣತಮ್ಮಂದಿರ ಕಥೆ ಹೇಳಿದೆ ರಫೀಕಣ್ಣ, ನೀನು ತೆಗೆಸಿದ್ದ ಜಗಳ ಸೇರಿಸಿಯೇ. ಬಾಗಿಲು ಹಾಕಿದಲ್ಲಿಗೆ ಬಂದಾಗ, ಹಳೇ ಅಭ್ಯಾಸ ನೋಡು, ಕಥೆ ತಂತಾನೇ ನಿಂತುಬಿಟ್ಟಿತು. ಒಳಗೆ ಬಟ್ಟೆ ಮಡಚುತ್ತಿದ್ದ ಶಾಹೀನಾ ಹೂಂ ಅಂದಳು.

ನಿನ್ನ ಸಿದ್ದ