ಗಾಜಿನಾಚೆಯ ಬಿಸಿಲು

ಮನೆಯ ತಾರಸಿ
ಮಾರ್ಚ್ 8, ಶನಿವಾರ ಬೆಳಿಗ್ಗೆ

ಪ್ರೀತಿಯ ಸೊಸೆಗೆ, ಅಲ್ಲಲ್ಲ, ನನ್ನ ಮಗಳಿಗೆ,

ಹೇಗಿದ್ದೀಯಮ್ಮ? ಹೊತ್ತಿಗೆ ಸರಿಯಾಗಿ ಊಟ ಮಾಡ್ತಿದ್ದೀಯಾ? ಅಷ್ಟೆತ್ತರದ ಕ್ರೇನ್ ಕ್ಯಾಬಿನ್ನಲ್ಲಿ ದಿನವಿಡೀ ಬಗ್ಗಿ ನೋಡಿ ಕುತ್ತಿಗೆ ನೋಯಲ್ವಾ? ನಾನು ಚೆನ್ನಾಗಿದ್ದೀನಿ. ಹೂಂ, ನೀನು ನಂಬಲ್ಲ, ಗೊತ್ತು. ಫೋನಲ್ಲಿ ಹೇಳಹೋದರೆ ಮಾತು ಮುಗಿಸೋಕೆ ಬಿಡದೆ ಅಳ್ತೀಯ, ಅದಕ್ಕೇ ಈ ಕಾಗದ.

ಎರಡನೇ ಸಲ ರಕ್ತ ಪರೀಕ್ಷೆ ಮಾಡಿಸಿದಾಗಲೂ ನನ್ನ ವಿಟಮಿನ್ ಡಿ ಏರಿರಲಿಲ್ಲ ಅಂತ ನಿನ್ನ ಗಂಡ ಮೊನ್ನೆ ಒದರಿಬಿಟ್ಟನಂತೆ. ಹೇಳಬೇಡ ಅಂತ ಆಣೆ ಹಾಕಿಸಿದ್ದೆ, ಮೂರು ತಿಂಗಳು ತಡಕೊಂಡದ್ದೇ ಹೆಚ್ಚು. ನೀನೋ, ಕ್ರೇನಿನ ಕೊನೇ ಪರೀಕ್ಷೆಗೆ ಎರಡೇ ವಾರ ಇರುವಾಗ ಟ್ರೇನಿಂಗ್ ಬಿಟ್ಟು ಬರ್ತೀನಿ, ಅತ್ತೆಯನ್ನ ನೋಡ್ಕೋತೀನಿ ಅಂತ ಬರೆದಿದ್ದೀಯ. ಓದಿ ಕಣ್ಣು ತುಂಬಿತು, ಆಮೇಲೆ ಮೈಯೆಲ್ಲ ಉರಿಯಿತು. ಅದು ಹಳೇ ಸುದ್ದಿ ಕಣೇ!

ನಡೆದದ್ದು ಹೇಳ್ತೀನಿ, ನಗಬೇಡ. ಮೂವತ್ತು ವರ್ಷ ಕತ್ತಲೆ ಕೋಣೆಯಲ್ಲಿ ಬಟ್ಟೆ ಹೊಲಿದು ಮೂಳೆ ಸೊರಗಿದೆ, ವಾರಕ್ಕೊಂದು ಮಾತ್ರೆ ತಗೊಳ್ಳಿ, ದಿನಾ ಸ್ವಲ್ಪ ಹೊತ್ತು ಮೈಗೆ ಬಿಸಿಲು ಬೀಳಲಿ ಅಂತ ಡಾಕ್ಟರಮ್ಮ ಹೇಳಿದ್ದರು ತಾನೇ? ನೀನು ಹೊರಡುವ ಹಿಂದಿನ ದಿನ ನನ್ನ ಹೊಲಿಗೆ ಮಿಷನ್ನನ್ನ ಒಬ್ಬಳೇ ಎಳೆದು ಮುಂದಿನ ಕೋಣೆಯ ಕಿಟಕಿಗೆ ಒತ್ತಿಟ್ಟೆ. ನಾನು ಅಲ್ಲಿ ಮಹಾರಾಣಿ ಥರ ಕೂತೆ. ಧೂಳು ಬಿದ್ದು ಗಿರಾಕಿ ಬಟ್ಟೆ ಹಾಳಾದೀತು ಅಂತ ಗಾಜಿನ ಬಾಗಿಲು ಮಾತ್ರ ತೆಗೆಯಲಿಲ್ಲ. ಬಿಸಿಲು ಬಿಟ್ಟಿ ಸಿಗುವಾಗ ಮಾತ್ರೆ ಯಾಕೆ ಅಂತ ಅದನ್ನೂ ಗುಂಡಿ ಡಬ್ಬಿಗೆ ಸೇರಿಸಿದೆ. ಎರಡು ತಿಂಗಳು! ಡಾಕ್ಟರಮ್ಮ ರಿಪೋರ್ಟ್ ನೋಡಿ, ಎಲ್ಲಿ ಕೂತಿರಿ ಅಂತ ಕೇಳಿ, ಹಣೆ ಹಣೆ ಚಚ್ಚಿಕೊಂಡರು. ಗಾಜು ಬೆಳಕನ್ನೂ ಬಿಡುತ್ತೆ, ಬಿಸಿಯನ್ನೂ ಬಿಡುತ್ತೆ, ಚರ್ಮದಲ್ಲಿ ವಿಟಮಿನ್ ಡಿ ಹುಟ್ಟಿಸೋ ಕಿರಣವನ್ನ ಮಾತ್ರ ತಡೆದುಬಿಡುತ್ತಂತೆ. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ನೋಡು. ನಿನಗೆ ಹೇಳೋಕೆ ನಾಚಿಕೆಯಾಯ್ತು.

ಆಮೇಲೆ ಹಟ ಹಿಡಿದೆ. ಪ್ರತಿ ಭಾನುವಾರ ಮಾತ್ರೆ. ದಿನಾ ಮಧ್ಯಾಹ್ನದ ಊಟಕ್ಕೆ ಮುಂಚೆ ತಾರಸಿ ಹತ್ತಿ, ರವಿಕೆಯ ತೋಳು ಮಡಚಿ, ಕಾಲು ಚಾಚಿ ಇಪ್ಪತ್ತು ನಿಮಿಷ, ಚರ್ಮ ಚುರ್ ಅನ್ನೋ ಮುಂಚೆ ನೆರಳಿಗೆ. ಮೊದಲ ವಾರ ಗೋಡೆ ಹಿಡಿದು, ಮೆಟ್ಟಿಲಿನ ತಿರುವು ತಿರುವಿಗೂ ಕೂತು, ದೇವರನ್ನೂ ನಿನ್ನನ್ನೂ ಬೈದುಕೊಂಡು ಹತ್ತಿದೆ. ಈಗ ನಾನು ಬಂದರೆ ಕೆಳಮನೆ ಮೇಷ್ಟ್ರು ದಾರಿ ಬಿಡ್ತಾರೆ. ಹೆಣ್ಣುಮಕ್ಕಳಿಗೆ ಕ್ರೇನ್ ಯಾಕೆ ಅಂದಿದ್ದರಲ್ಲ, ಅವರೇ. ನಿಮ್ಮ ಕೈಲಿ ನಿಮ್ಮ ಮೇಜು ಎತ್ತೋಕಾಗಲ್ಲ, ನನ್ನ ಸೊಸೆ ಹತ್ತು ಟನ್ ಎತ್ತುತ್ತಾಳೆ ಅಂದೆ. ಜಂಬ ಅಂತ ಬೇಕಾದರೆ ಅನ್ನಲಿ, ನನಗೆ ನಿನ್ನ ಮೇಲೆ ಅಷ್ಟು ಹೆಮ್ಮೆ. ನಿನ್ನೆ ಮೂರನೇ ರಿಪೋರ್ಟ್ ಬಂತು, ಇರಬೇಕಾದಷ್ಟು ಇದೆ. ಕೈ ಊರದೆ ಎದ್ದು ತೋರಿಸಿ ಅಂದರು ಡಾಕ್ಟರಮ್ಮ, ಎದ್ದೆ. ಅವರು ಕೇಳದಿದ್ದರೂ ಇನ್ನೊಂದು ಸಲ ಕೂತು ಎದ್ದೆ.

ಮೈ ಕಡೆ ನಿಗಾ ಇರಲಿ. ನಿನ್ನ ಕೈ ನಡುಗದಿರಲಿ, ನೂರು ಕಾಲ ಗಟ್ಟಿಯಾಗಿ ಬಾಳು.

ಬಿಸಿಲಿಗೆ ಕಪ್ಪಾದ
ನಿನ್ನ ಅತ್ತೆ

ತಾ.ಕ.: ಪೋಸ್ಟಿನವನು ಬರೋ ಹೊತ್ತಾಯ್ತು. ನೀನು ಬರಕೂಡದು, ನಾನೇ ಬರ್ತಿದ್ದೀನಿ. ನಿನ್ನ ಪರೀಕ್ಷೆಯ ಹಿಂದಿನ ದಿನದ ಬಸ್ಸಿಗೆ ಒಂದೇ ಟಿಕೆಟ್ ತಗೊಂಡಿದ್ದೀನಿ. ಜೊತೆಗೆ ಬರ್ತೀನಿ ಅಂದ ನಿನ್ನ ಗಂಡ, ಬೇಡ ಅಂದೆ. ನೀನು ಮೇಲೆ ಹತ್ತು, ನಾನು ಕೆಳಗಿರ್ತೀನಿ. ಕುರ್ಚಿ ಗಿರ್ಚಿ ಹಾಕಿಸೋಕೆ ಹೋಗಬೇಡ, ನಿಂತೇ ನೋಡ್ತೀನಿ.