ಮಹಾದೇವಿಯ ಬಾಯಿ ಎಲ್ಲಿ ಹೋಯಿತು?

ಮಾನ್ಯ ನಿರ್ದೇಶಕರೇ,

ನಿಮ್ಮ ಆರನೆಯ ಸಿನಿಮಾದಲ್ಲಿ ಮಹಾದೇವಿ ಆಡಿದ ಮಾತನ್ನು ನೀವು ಕತ್ತರಿಸಿದ್ದೀರಿ. ಅದನ್ನು ಮರಳಿ ಹಾಕಬೇಕು. ಸುತ್ತಿ ಬಳಸಿ ಹೇಳುವ ವ್ಯವಧಾನ ನನಗಿಲ್ಲ. ಮೊನ್ನೆ ಅಂಧೇರಿಯ ಪ್ರಿವ್ಯೂ ಥಿಯೇಟರಿನಿಂದ ದಹಿಸರಿನ ಮನೆಗೆ ಬಂದಾಗಿನಿಂದ ಒಂದು ಕಡೆ ಕೂರಲಾಗುತ್ತಿಲ್ಲ, ಎರಡು ಸಲ ಹಾಲು ಉಕ್ಕಿಸಿದ್ದೇನೆ. ಫೋನಿನಲ್ಲಿ ಕೇಳಿದರೆ ನೀವು ಮೌನವಾಗುತ್ತೀರಿ, ಅದು ನಿಮ್ಮ ಜಗತ್ಪ್ರಸಿದ್ಧ ಶೈಲಿ. ಆದ್ದರಿಂದ ನಾಲ್ಕು ಜನರಿಗೆ ಕೇಳುವಂತೆ ಬರೆಯುತ್ತಿದ್ದೇನೆ.

ಓದುವವರಿಗೂ ಗೊತ್ತಿರಲಿ: ನಾನು ಪಾಲಿಕೆಯ ಕನ್ನಡ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಳಾದವಳು, ನಿಮ್ಮ ಆರೂ ಸಿನಿಮಾಗಳಲ್ಲಿ ನಟರ ಕನ್ನಡ ತಿದ್ದಿದವಳು. ಮೊದಲನೆಯದರಲ್ಲಿ ತಿದ್ದಲು ನಲವತ್ತು ಪುಟ ಮಾತಿತ್ತು, ಈ ಸಲ ಆರೇ ಪುಟ. ಮುಂದಿನ ಸಲ ನನ್ನನ್ನು ಯಾಕೆ ಕರೆಸುತ್ತೀರಿ, ನಟರ ಉಸಿರಾಟದ ಉಚ್ಚಾರಣೆ ತಿದ್ದಲೇ?

ವಿಮರ್ಶಕರು ನಿಮ್ಮ ಮೌನದ ಬಗ್ಗೆ ಬರೆದದ್ದನ್ನೆಲ್ಲ ಓದಿದ್ದೇನೆ. ಅದು ಹುಟ್ಟಿದ್ದು ಹೇಗೆಂದು ಅವರಿಗೆ ಗೊತ್ತಿಲ್ಲ. ಮೊದಲ ಸಿನಿಮಾದ ನಾಯಕಿ ಸೋನಾಲಿ ಅಂಧೇರಿಯಲ್ಲೇ ಹುಟ್ಟಿ ಬೆಳೆದ ಹುಡುಗಿ. ಕನ್ನಡ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಮಲಗಿದ ಅಪ್ಪನಿಗೆ "ಬರ್ತೇನಪ್ಪ" ಎಂದು ಹೇಳಿ ಅವಳು ಹೊರಡಬೇಕಿತ್ತು. ಹಿಂದಿಯಲ್ಲಿ ಯೋಚಿಸಿ ಏಳು ಸಲವೂ "ಅಪ್ಪ, ನಾನು ಹೋಗ್ತೇನೆ" ಎಂದಳು. ಹೊರಡುವಾಗ ಹಾಗೆ ಅನ್ನಬಾರದು, ಅದೂ ಕಾಯಿಲೆಯವರ ಎದುರು, ಎಂದು ಹೇಳಿ ಹೇಳಿ ನನ್ನ ಗಂಟಲು ಕಟ್ಟಿತು. "ಸಾರಿ ಟೀಚರ್, ಮುಹ್ ಮೇ ವಹೀ ಆತಾ ಹೈ," ಬಾಯಿಗೆ ಅದೇ ಬರುತ್ತದೆ, ಎಂದು ಅವಳು ಅಳುವ ಹಾಗಾದಳು. ಕೊನೆಗೆ ನಾನೇ ರೇಗಿ, "ಮಾತೇ ಬೇಡ ಮಾರಾಯ್ತಿ, ಅಪ್ಪನನ್ನು ಸುಮ್ಮನೆ ನೋಡಿ ಹೊರಡು," ಎಂದೆ. ನೀವು ಕ್ಯಾಮೆರಾ ಓಡಿಸಿದಿರಿ. ಆ ಹುಡುಗಿಗೆ ಹೇಳಲಿಕ್ಕಿತ್ತು, ಹೇಳಲು ಬರಲಿಲ್ಲ. ಆ ತಳಮಳವೆಲ್ಲ ಮುಖದಲ್ಲಿ ಕಂಡಿತು. ಈಗಲೂ ಆ ದೃಶ್ಯ ನೋಡಿದರೆ ನನಗೆ ಅಳು ಬರುತ್ತದೆ.

ಆಮೇಲೆ? ಎರಡನೆಯ ಸಿನಿಮಾದಲ್ಲಿ ಬಾಂದ್ರಾ ಸ್ಟೇಷನ್ನಿನಲ್ಲಿ ನಿಂತು ಹೆಂಡತಿ ಸುಮ್ಮನೆ ನೋಡಿದಳು. ಮೂರನೆಯದರಲ್ಲಿ ಹೋಟೆಲಿನ ಯಜಮಾನ ಗಲ್ಲಾದಲ್ಲಿ ಕೂತು ಸುಮ್ಮನೆ ನೋಡಿದ. ನಮ್ಮ ಉಡುಪಿ ಕಡೆಯ ಹೋಟೆಲಿನವರು ಗಲ್ಲಾದಲ್ಲಿ ಎರಡು ನಿಮಿಷ ಬಾಯಿ ಮುಚ್ಚಿದ್ದನ್ನು ನಾನಂತೂ ಈ ಜನ್ಮದಲ್ಲಿ ಕಂಡಿಲ್ಲ. ನಾಲ್ಕು, ಐದರಲ್ಲಿ ಯಾರು ಯಾಕೆ ನೋಡಿದರೆಂದು ನಿಮಗಾದರೂ ನೆನಪಿದೆಯೇ? ಮಾತು ಬರದವಳ ಮೌನವನ್ನು ಮಾತು ಬಲ್ಲವರ ಬಾಯಿಗೆಲ್ಲ ತುರುಕಿದರೆ ಅದನ್ನು ಶೈಲಿ ಎನ್ನಬೇಕೇ, ಚಟ ಎನ್ನಬೇಕೇ? ಆ ಹೊತ್ತಿಗೆ ಸರಿಯಾಗಿ ಪ್ರೇಕ್ಷಕರು ಮೊಬೈಲ್ ತೆಗೆಯುತ್ತಾರೆ. ನೀವು ಮುಂದಿನ ಸಾಲಿನಲ್ಲಿ ಕೂರುವವರು, ನಿಮಗೆ ಕಾಣುವುದಿಲ್ಲ.

ಇರಲಿ, ಬೇಸರವಾದರೆ ನಾವು ಎದ್ದು ಹೋಗಬಹುದು. ಮಹಾದೇವಿ ಎಲ್ಲಿಗೆ ಹೋಗಬೇಕು?

ಅವಳು ನಟಿಯಲ್ಲ, ವಿಜಯಪುರ ಕಡೆಯಿಂದ ಬಂದ ಕೂಲಿ ಹೆಂಗಸು, ನಿಮ್ಮ ಸಿನಿಮಾದಲ್ಲಿ ತನ್ನದೇ ಕಥೆಯಲ್ಲಿ ತಾನೇ ಆಗಿ ನಿಂತವಳು. ಗಂಡ ಶಾಂತಪ್ಪ ಕಟ್ಟಡದ ಕೆಲಸದಲ್ಲಿ ಬಿದಿರಿನ ಅಟ್ಟಣಿಗೆಯ ಹಗ್ಗ ಹರಿದು ಬಿದ್ದು ಸತ್ತ. "ಪೀಕೆ ಗಿರಾ," ಕುಡಿದು ಬಿದ್ದ, ಎಂದುಬಿಟ್ಟ ಮುಕಾದಮ, ಕೂಲಿಯವರ ಮೇಸ್ತ್ರಿ. ಅಂದು ಅವಳು ಎಲ್ಲರೆದುರು ಅವನಿಗೆ ಕೊಟ್ಟ ಉತ್ತರವನ್ನೇ ನಿಮ್ಮ ಕ್ಯಾಮೆರಾದ ಮುಂದೆ ಒಂದೇ ಟೇಕಿನಲ್ಲಿ ಹೇಳಿದಳು: "ನನ್ನ ಗಂಡ ಒಂದು ಹನಿ ಸೆರೆ ಮುಟ್ಟಿದಾಂವಲ್ಲ. ಹಗ್ಗ ಹಳೇದಾಗೇತಿ ಅಂತ ಮೂರು ದಿನದಿಂದ ಹೇಳಾಕತ್ತಿದ್ದ. ಆ ಹಗ್ಗ ತರ್ರಿ ಇಲ್ಲಿ!" ಅದರಲ್ಲಿ ತಿದ್ದಲು ನನಗೆ ಒಂದಕ್ಷರವೂ ಸಿಗಲಿಲ್ಲ.

ಮೊನ್ನೆ ತೆರೆಯ ಮೇಲೆ ಮುಕಾದಮ "ಪೀಕೆ ಗಿರಾ" ಎಂದ. ಮಹಾದೇವಿ ಎರಡೂವರೆ ನಿಮಿಷ ಕಟ್ಟಡವನ್ನು ನೋಡಿದಳು. ಸಿನಿಮಾ ಮುಗಿಯಿತು. ನನ್ನ ಪಕ್ಕದಲ್ಲೇ ಕೂತು ನೋಡುತ್ತಿದ್ದ ಮಹಾದೇವಿ ನನ್ನ ಕೈ ಹಿಡಿದುಕೊಂಡಳು. "ನನ್ನ ಬಾಯಿ ಎಲ್ಲಿ ಹೋತ್ರಿ, ಅಕ್ಕಾರ? ಹಿಂಗಾದ್ರ ಆಂವ ಕುಡದಿದ್ದ ಅಂತ ನಾನೇ ಒಪ್ಪಿಕೊಂಡಂಗ ಆತಲ್ರೀ. ನನ್ನ ಮಗಳು ಇದನ್ನ ನೋಡೂದಿಲ್ಲೇನು?"

ಥಿಯೇಟರಿನ ಬಾಗಿಲಲ್ಲೇ ನಿಮ್ಮನ್ನು ಕೇಳಿದೆ. "ಮಾತು ಬಂದರೆ ಅದು ನನ್ನ ಸಿನಿಮಾ ಅನ್ನಿಸುವುದಿಲ್ಲ, ಟೀಚರ್," ಎಂದಿರಿ. ಅನ್ನಿಸದಿದ್ದರೆ ಬೇಡ! ಸತ್ತವನು ಅವಳ ಗಂಡ. ನಿಮ್ಮ ಶೈಲಿ ಉಳಿಸಲು ಅವನು ಕುಡುಕನಾಗಬೇಕೇ?

ನನಗೂ ನಾಚಿಕೆಯಾಗುತ್ತಿದೆ. "ಮಾತೇ ಬೇಡ" ಎಂದು ಮೊದಲು ಹೇಳಿದ ನಾಲಿಗೆ ನನ್ನದು. ಮೂವತ್ತು ವರ್ಷ ಮಕ್ಕಳಿಗೆ ಮಾತು ಕಲಿಸಿ, ಕಡೆಗೆ ಇಂಥದ್ದನ್ನು ನಿಮಗೆ ಕಲಿಸಿದೆ.

ಧ್ವನಿ ಮುದ್ರಿಸಿದ ಹಿತೇಶ್ ಆ ಟೇಕನ್ನು ಅಳಿಸಿಲ್ಲ, ಕೇಳಿಕೊಂಡು ಬಂದಿದ್ದೇನೆ. ಬಿಡುಗಡೆಗೆ ಇನ್ನೂ ಮೂರು ವಾರವಿದೆ. ಆ ಮೂರು ವಾಕ್ಯಗಳು ಸಿನಿಮಾಕ್ಕೆ ಮರಳಬೇಕು, ಅದೂ ಅವಳದೇ ದನಿಯಲ್ಲಿ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಮಹಾದೇವಿಯೂ ನಾನೂ ನಿಮ್ಮ ಎಡಿಟಿಂಗ್ ಕೋಣೆಯ ಬಾಗಿಲಲ್ಲಿರುತ್ತೇವೆ. ಸುಮ್ಮನೆ ನೋಡಿಕೊಂಡು ನಿಲ್ಲುತ್ತೇವೆ ಎಂದು ಮಾತ್ರ ತಿಳಿಯಬೇಡಿ.

ಹೊರಡುವಾಗ ಏನು ಹೇಳಬೇಕೆಂದು ಅಂದು ಸೋನಾಲಿಗೆ ಏಳು ಸಲ ಹೇಳಿಕೊಟ್ಟೆ. ನೀವೂ ಅಲ್ಲೇ ಇದ್ದಿರಿ. ಬರ್ತೇವೆ.

ಇಂತಿ,
ನಿಮ್ಮ ಮೌನವನ್ನು ಬಾಯಾರೆ ಹುಟ್ಟಿಸಿ ಈಗ ಪರಿತಪಿಸುತ್ತಿರುವ
ರಾಜೀವಿ ಟೀಚರ್, ದಹಿಸರ್